ಅಡಿಕೆಯ ರೋಗನಾಮಗಳು: ಜನಪದ ಕೃಷಿಜ್ಞಾನದ ಒಂದು ನೆಲೆ

ಮಂಗಳೂರಿನ ಕೊಡಿಯಾಲ್‌ಬೈಲ್ ಇಂದು ವಿದ್ಯಾಸಂಸ್ಥೆಗಳ ನಗರಭಾಗ. ಆದರೆ ಅದರ ಹೆಸರಿನಲ್ಲಿರುವ ‘ಬೈಲು’ ತುಳುನಾಡಿನ ಭೂವಿಂಗಡಣೆಯ ಪದ. ಎತ್ತರದ ಬೆಟ್ಟು, ನಡುವಣ ಮಜಲು, ನೀರಾಸರೆಯಿರುವ ತಗ್ಗಿನ ಬೈಲು ಎಂಬ ಈ ವಿಂಗಡಣೆಗೆ ನೀರೇ ಅಳತೆಗೋಲು. ಇಂಥದೇ ಅನುಭವಜ್ಞಾನವು ಮಂಗಳೂರು ಪೇಟೆಗೆ ಅಡಿಕೆ ಒದಗಿಸುವ ಒಳನಾಡಿನ ತೋಟಗಳ ರೋಗನಾಮಗಳಲ್ಲಿಯೂ ಅಡಗಿದೆ. 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಇದೇ ನಗರದಲ್ಲಿ ನೆಲೆಗೊಂಡುದು ಆ ಸಂಬಂಧಕ್ಕೆ ಸಾಕ್ಷಿ.

ಇವುಗಳಲ್ಲಿ ‘ಕೊಳೆರೋಗ’ ಪ್ರಸಿದ್ಧವಾದುದು. ‘ಮಹಾಳಿ’ ಎಂಬುದು ಅದರ ಇನ್ನೊಂದು ಹೆಸರು. ಮಳೆಗಾಲದಲ್ಲಿ ಎಳೆಗಾಯಿಗಳು ನೀರಿನಲ್ಲಿ ನೆನೆದಂತಾಗಿ, ಕೊಳೆತು ಉದುರುತ್ತವೆ. 1876ರಲ್ಲಿ ಎಂ.ಸಿ. ಕುಕ್ ಅವರು ಕಾಫಿಯ ಶಿಲೀಂಧ್ರವೊಂದಕ್ಕೆ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟುದರಿಂದ ಈ ಕನ್ನಡ ಪದ ವಿಜ್ಞಾನದ ಪರಿಭಾಷೆಯನ್ನು ಸೇರಿತು. ಅಡಿಕೆಯ ಕೊಳೆಗೆ ಕಾರಣವಾದ ಫೈಟಾಫ್ತೊರವನ್ನು ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರ ತಮ್ಮ ಪ್ರಕಟಣೆಯಲ್ಲಿ ವಿವರಿಸಿದರು. ಹೆಸರು ಒಂದೇ, ರೋಗಕಾರಕಗಳು ಎರಡು. ಜನಪದವು ಇಲ್ಲಿ ಹೆಸರಿಸಿರುವುದು ಲಕ್ಷಣವನ್ನು, ಕಾರಣವನ್ನಲ್ಲ.

ಲಕ್ಷಣವನ್ನು ಬಲ್ಲವರಿಗೆ ಅದರ ಕಾಲವೂ ತಿಳಿದಿತ್ತು. ಫೈಟಾಫ್ತೊರದ ಚರಬೀಜಕಣಗಳು ನೀರಿನ ತೆಳುಪದರದಲ್ಲಿ ಈಜಿ ಹರಡುತ್ತವೆ. ಮಳೆಗೆ ಮುನ್ನ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಮಲೆನಾಡಿನ ರೂಢಿ ಕಾಯನ್ನು ಒದ್ದೆಯಾಗದಂತೆ ಕಾಯುವ ಉಪಾಯ. ಅನಂತರ ಬಂದ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, ಒಂದೊಂದು ಕಿಲೋ ಮೈಲುತುತ್ತು ಹಾಗೂ ಸುಣ್ಣ ಬೇಕು. ಇದರ ಮೊದಲ ಸಿಂಪಡಣೆಯೂ ಮಳೆಗೆ ಮುನ್ನವೇ; ಎರಡನೆಯದು 40–45 ದಿನಗಳ ಬಳಿಕ.

ಲಕ್ಷಣನಾಮಕ್ಕೆ ಮಿತಿಯೂ ಉಂಟು. ‘ಅಣಬೆರೋಗ’ದಲ್ಲಿ ಮರದ ಬುಡದಲ್ಲಿ ಅಣಬೆ ಮೂಡುವ ಹೊತ್ತಿಗೆ ಗ್ಯಾನೊಡರ್ಮ ಶಿಲೀಂಧ್ರವು ಒಳಭಾಗವನ್ನು ಬಹಳವಾಗಿ ಕೆಡಿಸಿರುತ್ತದೆ, ಹೆಸರಾದ ಚಿಹ್ನೆಯೇ ಕೊನೆಯದು. ಸುಳ್ಯ ತಾಲೂಕಿನ ಸಂಪಾಜೆ ಪ್ರದೇಶದ ತೋಟಗಳನ್ನು ಬರಿದಾಗಿಸಿದ ‘ಹಳದಿ ಎಲೆ ರೋಗ’ಕ್ಕೆ ಫೈಟೊಪ್ಲಾಸ್ಮ ಕಾರಣವೆನ್ನಲಾಗಿದ್ದು, ಗುಣಪಡಿಸುವ ಔಷಧವಿಲ್ಲ. ಆದರೆ ಬೇರುಹುಳು, ನೀರು ನಿಲ್ಲುವಿಕೆ, ಪೋಷಕಾಂಶಗಳ ಕೊರತೆಯಿಂದಲೂ ಸೋಗೆ ಹಳದಿಯಾಗುತ್ತದೆ; ಇವಕ್ಕೆ ಪರಿಹಾರವುಂಟು. ಹಳದಿ ಬಣ್ಣವೊಂದನ್ನೇ ನೆಚ್ಚಿದರೆ ಉಳಿಸಬಹುದಾದ ಮರವನ್ನು ಕಡಿಯುವ, ಉಳಿಯದ ಮರಕ್ಕೆ ಹಣ ಸುರಿಯುವ ಅಪಾಯವಿದೆ.

ಆದುದರಿಂದ ಕ್ಷೇತ್ರಕಾರ್ಯದಲ್ಲಿ ರೋಗನಾಮವನ್ನಷ್ಟೇ ಪಟ್ಟಿ ಮಾಡಿದರೆ ಸಾಲದು. ಯಾವ ತಿಂಗಳು, ಮರದ ಯಾವ ಭಾಗ, ಎಂಥ ನೆಲ, ಕೈಗೊಂಡ ಕ್ರಮವೇನು ಎಂಬ ವಿವರಗಳನ್ನೂ ದಾಖಲಿಸಬೇಕು. ಹೀಗೆ ದಾಖಲಾದ ಹೆಸರು ನಿಘಂಟುಕಾರನಿಗೂ ಸಸ್ಯರೋಗತಜ್ಞನಿಗೂ ಸಮಾನವಾಗಿ ಉಪಯುಕ್ತವಾಗುತ್ತದೆ.