ಬರುತ್ತಾನೆ, ಬರಲಿ, ಬಂದಾನು: ಒಂದು ಸ್ಪೇನಿಷ್ ಕ್ರಿಯಾಪದದ ಪಾಠ



ಸ್ಪೇನಿಷ್ ಭಾಷೆಯ ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಿ.

ಮಮಾ ದಿಸೆ ಕೆ ಬಿಯೆನೆಸ್.
ಮಮಾ ದಿಸೆ ಕೆ ಬೆಂಗಾಸ್.

ಮೊದಲನೆಯದರ ಅರ್ಥ, 'ನೀನು ಬರುತ್ತೀಯೆಂದು ಅಮ್ಮ ಹೇಳುತ್ತಾಳೆ.' ಎರಡನೆಯದರ ಅರ್ಥ, 'ನೀನು ಬರಬೇಕೆಂದು ಅಮ್ಮ ಹೇಳುತ್ತಾಳೆ.' ಒಂದು ಸುದ್ದಿ, ಇನ್ನೊಂದು ಅಪ್ಪಣೆ. ಬದಲಾದದ್ದು ಕೊನೆಯ ಪದದ ರೂಪ ಮಾತ್ರ. ಕೇಳಿದವರು ಇದನ್ನು ಗುರುತಿಸದೆ ಹೋದರೆ, ಅಮ್ಮ ಕಾಯುತ್ತ ಕೂರುತ್ತಾಳೆ, ಮಗ ಮನೆಯಲ್ಲೇ ಉಳಿಯುತ್ತಾನೆ! ಈ ಎರಡನೆಯ ರೂಪವನ್ನೇ ವ್ಯಾಕರಣದಲ್ಲಿ 'ಸಬ್ಜಂಕ್ಟಿವ್' ಎನ್ನುತ್ತಾರೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದಾದ ಸ್ಪೇನಿಷ್ ಕಲಿಯಹೊರಟವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಆದರೆ ಕನ್ನಡ ಬಲ್ಲವರು ಹೆದರಬೇಕಾಗಿಲ್ಲ. ಏಕೆಂಬುದನ್ನು ನೋಡೋಣ.

ನಮ್ಮ ವ್ಯಾಕರಣದಲ್ಲೇ ಇದೆ

ಪ್ರೌಢಶಾಲೆಯಲ್ಲಿ ನೀವು ಕಲಿತ ಕ್ರಿಯಾಪದದ ರೂಪಗಳನ್ನು ನೆನಪಿಸಿಕೊಳ್ಳಿ. 'ಅವನು ಬರಲಿ' ಎಂಬುದು ವಿಧ್ಯರ್ಥ. ಆಸೆ, ಹಾರೈಕೆ, ಅಪ್ಪಣೆ, ಸಮ್ಮತಿ ಇದರ ಕ್ಷೇತ್ರ. 'ಅವನು ಬಂದಾನು' ಎಂಬುದು ಸಂಭಾವನಾರ್ಥ. ಇದರಲ್ಲಿ ಸಂಶಯ ಅಥವಾ ಊಹೆ ಇರುತ್ತದೆ. ಈ ಎರಡಕ್ಕೂ ಕನ್ನಡ ಬೇರೆ ಬೇರೆ ರೂಪ ಕೊಟ್ಟಿದೆ. ಸ್ಪೇನಿಷ್ ಎರಡಕ್ಕೂ ಸಾಮಾನ್ಯವಾಗಿ ಒಂದೇ ರೂಪವನ್ನು ಬಳಸುತ್ತದೆ. 'ಕೆ ಬೆಂಗಾ' ಎಂದರೆ 'ಬರಲಿ'. 'ಕಿಸಾಸ್ ಬೆಂಗಾ' ಎಂದರೆ 'ಪ್ರಾಯಶಃ ಬಂದಾನು'. ನಡೆಯುತ್ತದೆಂದು ಖಚಿತವಾಗಿ ಸಾರುವ ಮಾತಿಗೆ ಒಂದು ರೂಪ, ಮನಸ್ಸಿನಲ್ಲಿ ಮಾತ್ರ ಇರುವ ಸಂಗತಿಗೆ ಇನ್ನೊಂದು ರೂಪ ಎಂಬುದು ಇದರ ಹಿಂದಿನ ತತ್ತ್ವ.

ರೂಪ ಕಟ್ಟುವ ಬಗೆ

'ಬರು' ಎಂಬ ಅರ್ಥದ ಸ್ಪೇನಿಷ್ ಧಾತು 'ಬೆನಿರ್'. (ಬರೆಯುವಾಗ ಮೊದಲಲ್ಲಿ 'ವಿ' ಅಕ್ಷರವಿರುತ್ತದೆ. ಉಚ್ಚಾರಣೆ ಮಾತ್ರ 'ಬ'ಕಾರಕ್ಕೆ ಹತ್ತಿರ.) ಮೂರು ಹೆಜ್ಜೆಗಳಲ್ಲಿ ರೂಪ ಸಿದ್ಧವಾಗುತ್ತದೆ.

1. 'ನಾನು ಬರುತ್ತೇನೆ' ಎಂಬ ರೂಪ ತೆಗೆದುಕೊಳ್ಳಿ: ಬೆಂಗೊ.
2. ಕೊನೆಯ 'ಒ' ಸ್ವರವನ್ನು ಬಿಡಿ.
3. ಆ ಜಾಗದಲ್ಲಿ 'ಆ' ಸ್ವರ ಸೇರಿಸಿ, ಮುಂದೆ ಪುರುಷ-ವಚನದ ಪ್ರತ್ಯಯ ಹಚ್ಚಿ.

ನಾನು: ಬೆಂಗಾ
ನೀನು: ಬೆಂಗಾಸ್
ಅವನು, ಅವಳು, ತಾವು: ಬೆಂಗಾ
ನಾವು: ಬೆಂಗಾಮೋಸ್
ನೀವು (ಸ್ಪೇನಿನಲ್ಲಿ, ಸಲುಗೆಯಲ್ಲಿ): ಬೆಂಗಾಯಿಸ್
ಅವರು, ತಾವೆಲ್ಲರು: ಬೆಂಗಾನ್

ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ 'ಬೆಂಗಾಯಿಸ್' ಬಳಕೆಯಲ್ಲಿಲ್ಲ. ಅಲ್ಲಿ ಹಲವರನ್ನು ಕುರಿತು ಹೇಳುವಾಗ 'ಬೆಂಗಾನ್' ಒಂದೇ ಸಾಕು.

ಈ ಸೂತ್ರ ಒಮ್ಮೆ ಕೈವಶವಾದರೆ ಹಲವು ಧಾತುಗಳು ಒಟ್ಟಿಗೆ ದಕ್ಕುತ್ತವೆ. 'ತೆಂಗೊ' (ನನ್ನಲ್ಲಿದೆ) ಎಂಬುದು 'ತೆಂಗಾ' ಆಗುತ್ತದೆ. 'ದಿಗೊ' (ಹೇಳುತ್ತೇನೆ) ಎಂಬುದು 'ದಿಗಾ' ಆಗುತ್ತದೆ. 'ಅಬ್ಲಾರ್' (ಮಾತನಾಡು) ಎಂಬಂತೆ 'ಆರ್' ಎಂದು ಮುಗಿಯುವ ಧಾತುಗಳಲ್ಲಿ ಮಾತ್ರ ಸ್ವರ ತಿರುಗಿ 'ಎ' ಬರುತ್ತದೆ: ಅಬ್ಲೊ, ಅಬ್ಲೆ. ಈ ಸೂತ್ರಕ್ಕೆ ಒಗ್ಗದ ಧಾತುಗಳು ಆರು. ಅವನ್ನು ಬಾಯಿಪಾಠ ಮಾಡುವುದೇ ಸರಿ.

ಎಲ್ಲಿ ಬಳಸಬೇಕು?

ಮೊದಲನೆಯದು, ಆಸೆ. 'ಕಿಯೆರೊ ಕೆ ಬೆಂಗಾಸ್', ಅಂದರೆ 'ನೀನು ಬರಬೇಕೆಂದು ನನ್ನ ಆಸೆ.' ಇಲ್ಲಿ ಆಸೆಪಡುವವರು ಒಬ್ಬರು, ಬರುವವರು ಇನ್ನೊಬ್ಬರು. ಇಬ್ಬರೂ ಒಬ್ಬರೇ ಆದರೆ ಈ ರೂಪ ಬೇಡ. 'ಕಿಯೆರೊ ಬೆನಿರ್' ಎಂದರೆ 'ನಾನು ಬರಲು ಬಯಸುತ್ತೇನೆ.' ಕನ್ನಡದಲ್ಲೂ ನಾವು 'ನಾನು ಬರಲಿ ಎಂದು ನಾನು ಬಯಸುತ್ತೇನೆ' ಎನ್ನುವುದಿಲ್ಲವಷ್ಟೆ.

ಹಾರೈಕೆಗೆ 'ಓಹಲಾ' ಎಂಬ ಸೊಗಸಾದ ಪದವಿದೆ. 'ಓಹಲಾ ಬೆಂಗಾ', 'ಅವನು ಬಂದರೆ ಸಾಕಪ್ಪಾ!' ಕ್ರಿ.ಶ. 711ರಿಂದ 1492ರವರೆಗೆ ಸ್ಪೇನಿನ ನೆಲದಲ್ಲಿ ಮುಸ್ಲಿಂ ಆಳ್ವಿಕೆಯ ರಾಜ್ಯಗಳಿದ್ದವು. ಆ ಕಾಲದಲ್ಲಿ ಅಲ್ಲಿ ಆಡುತ್ತಿದ್ದ ಅರಬ್ಬಿಯ 'ದೇವರು ಇಚ್ಛಿಸಿದರೆ' ಎಂಬ ಮಾತಿನಿಂದ ಈ ಪದ ಬಂದಿದೆ.

ಎರಡನೆಯದು, ಸಂಶಯ. 'ಕ್ರೆಯೊ ಕೆ ಬಿಯೆನೆ' ಎಂದರೆ 'ಅವನು ಬರುತ್ತಾನೆಂದು ನನ್ನ ನಂಬಿಕೆ.' ನಂಬಿಕೆ ಇರುವುದರಿಂದ ಸಾಧಾರಣ ರೂಪ. 'ನೊ ಕ್ರೆಯೊ ಕೆ ಬೆಂಗಾ' ಎಂದರೆ 'ಅವನು ಬರುತ್ತಾನೆಂದು ನನಗೆ ನಂಬಿಕೆಯಿಲ್ಲ.' ನಂಬಿಕೆ ಹೋಯಿತು, ರೂಪವೂ ಬದಲಾಯಿತು.

ಮೂರನೆಯದು, ಅಪ್ಪಣೆ. ಸಲುಗೆಯ 'ಬಾ' ಎಂಬುದಕ್ಕೆ 'ಬೆನ್' ಎಂಬ ಬೇರೆ ರೂಪವಿದೆ. ಆದರೆ 'ಬರಬೇಡ' ಎನ್ನಲು 'ನೊ ಬೆಂಗಾಸ್' ಎನ್ನಬೇಕು. ಗೌರವದಿಂದ 'ಬನ್ನಿ' ಎನ್ನಲು 'ಬೆಂಗಾ ಉಸ್ತೆದ್'. 'ಉಸ್ತೆದ್' ಎಂಬುದು ಹಿಂದೆ 'ತಮ್ಮ ಕೃಪೆ' ಎಂಬರ್ಥದ ಎರಡು ಪದಗಳಾಗಿತ್ತು. ಆದ್ದರಿಂದಲೇ ಅದು ಪ್ರಥಮ ಪುರುಷದ ಕ್ರಿಯಾಪದವನ್ನು ಬೇಡುತ್ತದೆ. 'ತಮ್ಮ ಕೃಪೆ ಇತ್ತ ಬರಲಿ' ಎಂದಂತೆ!

ಕನ್ನಡ ಕೈಕೊಡುವ ಎರಡು ಜಾಗ

ಇಷ್ಟರವರೆಗೆ ಕನ್ನಡ ನಮಗೆ ದಾರಿ ತೋರಿತು. ಇನ್ನು ಎಚ್ಚರ ಬೇಕು.

'ಅವನು ಬಂದಾಗ ಹಾಡುತ್ತಾನೆ' ಎಂಬ ವಾಕ್ಯ ನೋಡಿ. ಬಂದಾಗಲೆಲ್ಲ ಹಾಡುವುದು ಅವನ ರೂಢಿಯೇ, ಅಥವಾ ನಾಳೆ ಬಂದ ಮೇಲೆ ಹಾಡುವನೇ? ಕನ್ನಡದ ವಾಕ್ಯದಿಂದ ತಿಳಿಯದು. ಸ್ಪೇನಿಷ್ ಇದನ್ನು ಬಿಡಿಸಿ ಹೇಳುತ್ತದೆ. ರೂಢಿಯಾದರೆ 'ಕ್ವಾಂದೊ ಬಿಯೆನೆ, ಕಂತಾ'. ಇನ್ನೂ ಬರಬೇಕಾಗಿರುವವನಾದರೆ 'ಕ್ವಾಂದೊ ಬೆಂಗಾ, ಕಂತಾರಾ'. ಬರುವುದು ಇನ್ನೂ ನಡೆಯದ ಸಂಗತಿಯಾದ್ದರಿಂದ ಸಬ್ಜಂಕ್ಟಿವ್.

ಇನ್ನೊಂದು, ಭಾವನೆಯ ಮಾತು. 'ಮೆ ಅಲೆಗ್ರೊ ದೆ ಕೆ ಬೆಂಗಾಸ್', ಅಂದರೆ 'ನೀನು ಬರುತ್ತಿರುವುದು ನನಗೆ ಸಂತೋಷ.' ಬರುವುದು ಖಚಿತ, ಸಂಶಯವೇನೂ ಇಲ್ಲ. ಆದರೂ ಸಬ್ಜಂಕ್ಟಿವ್ ಏಕೆ? ಏಕೆಂದರೆ ಇಲ್ಲಿ ಹೇಳಹೊರಟದ್ದು ಬರುವ ಸುದ್ದಿಯನ್ನಲ್ಲ, ಅದರಿಂದ ನನಗಾದ ಸಂತೋಷವನ್ನು. ಆದ್ದರಿಂದ 'ಸಂಶಯವಿದ್ದಲ್ಲಿ ಸಬ್ಜಂಕ್ಟಿವ್' ಎಂದಷ್ಟೇ ಗಟ್ಟಿಮಾಡಿಕೊಂಡವರು ಇಲ್ಲಿ ತಪ್ಪುತ್ತಾರೆ. 'ಈ ಉಪವಾಕ್ಯದಲ್ಲಿ ನಾನು ಒಂದು ಸುದ್ದಿಯನ್ನು ಸಾರುತ್ತಿದ್ದೇನೆಯೆ?' ಎಂದು ಕೇಳಿಕೊಳ್ಳಿ. 'ಹೌದು' ಎಂದಾದರೆ ಬಿಯೆನೆ, 'ಇಲ್ಲ' ಎಂದಾದರೆ ಬೆಂಗಾ. ಹೆಚ್ಚಿನ ಕಡೆ ಈ ಪ್ರಶ್ನೆ ನಿಮ್ಮನ್ನು ಕಾಪಾಡುತ್ತದೆ.

ನೀವೇ ಮಾಡಿ ನೋಡಿ

ಸ್ಪೇನಿಷ್‌ನಲ್ಲಿ ಹೇಳಿ:
1. ಅವರು ಬರಬೇಕೆಂದು ನನ್ನ ಆಸೆ.
2. ಅವರು ಬರುತ್ತಾರೆಂದು ನನ್ನ ನಂಬಿಕೆ.
3. ನೀನು ಬರುತ್ತೀಯೆಂದು ನನಗೆ ನಂಬಿಕೆಯಿಲ್ಲ.
4. ನಾನು ಬರಲು ಬಯಸುತ್ತೇನೆ.

ಉತ್ತರ: 1. ಕಿಯೆರೊ ಕೆ ಬೆಂಗಾನ್. 2. ಕ್ರೆಯೊ ಕೆ ಬಿಯೆನೆನ್. 3. ನೊ ಕ್ರೆಯೊ ಕೆ ಬೆಂಗಾಸ್. 4. ಕಿಯೆರೊ ಬೆನಿರ್.