ಫೌಜಿನ ಸಂಬಳಕ್ಕೆ ಒತ್ತೆ ಬಿದ್ದ ಸೀಮೆ

ಸಿಂಧನೂರಿನ ಕಡೆಯಿಂದ ದಢೇಸುಗೂರಿನ ಸೇತುವೆ ದಾಟಿದರೆ ಸಿರುಗುಪ್ಪ ತಾಲ್ಲೂಕು. ಎರಡೂ ದಂಡೆಯಲ್ಲಿ ಅದೇ ಭತ್ತ, ಅದೇ ಮಾತು. ಆದರೂ ಒಂದೂವರೆ ಶತಮಾನ ಇಲ್ಲಿ ತುಂಗಭದ್ರೆ ಎರಡು ಆಡಳಿತಗಳ ಗಡಿಯಾಗಿತ್ತು. ಆ ಗಡಿ ಹುಟ್ಟಿದ್ದು ಸೈನ್ಯದ ಖರ್ಚಿನಿಂದ.

1800ರ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮ ತನ್ನ ರಾಜ್ಯದಲ್ಲಿ ನೆಲೆಯೂರಿದ್ದ ಈಸ್ಟ್ ಇಂಡಿಯಾ ಕಂಪನಿ ಪಡೆಯ ವೆಚ್ಚಕ್ಕಾಗಿ ಬಳ್ಳಾರಿ, ಅನಂತಪುರ, ಕಡಪ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಆಚೆ ದಂಡೆಗೆ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು ರೈತನಿಂದ ನೇರವಾಗಿ ವಸೂಲು ಮಾಡುವ ರೈತವಾರಿ ಕಂದಾಯ ತಂದ. ಈಚೆ ದಂಡೆಯಲ್ಲಿ ಕಂದಾಯ ಗುತ್ತಿಗೆದಾರರ ಕೈಯಲ್ಲೇ ಉಳಿಯಿತು.

ಮುಂದೆ ನಿಜಾಮನ ಆಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟ್, ಹೆನ್ರಿ ರಸೆಲ್ ಕಾಲದಲ್ಲಿ ಇನ್ನೊಂದು ಪಡೆ ಬೆಳೆಯಿತು. ಅದೇ ಮುಂದೆ ಹೈದರಾಬಾದ್ ಕಂಟಿಂಜೆಂಟ್ ಆಯಿತು. ಲಿಂಗಸುಗೂರಿನಲ್ಲೂ ಅದರ ಛಾವಣಿ ಇತ್ತು. ಸಂಬಳ ನಿಜಾಮನದು, ಅಧಿಕಾರಿಗಳು ಇಂಗ್ಲಿಷರು, ಹುಕುಂ ರೆಸಿಡೆಂಟನದು. ಅನಾಹುತದ ಬೇರು ಇಲ್ಲಿದೆ: ಹಣ ಕೊಡುವವನಿಗೆ ಪಡೆಯನ್ನು ಕಡಿಮೆ ಮಾಡುವ ಅಧಿಕಾರವಿಲ್ಲ. ಆದಾಯ ಸಾಲದಾದಾಗ ಪಾಮರ್ ಕಂಪನಿಯಂಥ ಸಾಹುಕಾರರಿಂದ ದುಬಾರಿ ಬಡ್ಡಿಯ ಸಾಲ ಬಂತು, ಸಾಲಕ್ಕೆ ತಾಲ್ಲೂಕುಗಳ ಕಂದಾಯ ಒತ್ತೆ ಬಿತ್ತು, ಒತ್ತೆ ಹಿಡಿದವನು ರೈತನ ಕಣಕ್ಕೇ ಬಂದು ನಿಂತ. ಮಂತ್ರಿಗಿರಿಯ ಲೆಕ್ಕವೂ ಬದಲಾಯಿತು. ಪಡೆಗೆ ಹಣ ಹೊಂದಿಸಿಕೊಡುತ್ತಿದ್ದ ನಿಜಾಮನ ಮಂತ್ರಿ ಚಂದೂಲಾಲ್ ರೆಸಿಡೆನ್ಸಿಯ ಆಸರೆಯಲ್ಲಿ 1843ರವರೆಗೂ ಆಡಳಿತ ಹಿಡಿದಿದ್ದರು.

ಬಾಕಿ ಬೆಳೆಯುತ್ತಲೇ ಹೋಯಿತು. 1853ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬೇರಾರ್, ಧಾರಾಶಿವ ಮತ್ತು ಕೃಷ್ಣಾ-ತುಂಗಭದ್ರೆಗಳ ನಡುವಿನ ರಾಯಚೂರು ದೋಆಬನ್ನು ಈ ಪಡೆಯ ಖರ್ಚಿಗೆಂದು ಕಂಪನಿಯ ವಶಕ್ಕೆ ತೆಗೆದುಕೊಂಡ. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲವೂ ಇದರೊಳಗೇ ಬಂದವು. ಇಲ್ಲಿಯ ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. 1857ರ ದಂಗೆಯಲ್ಲಿ ನಿಜಾಮ ಬ್ರಿಟಿಷರ ಪರ ನಿಂತದ್ದಕ್ಕೆ 1860ರಲ್ಲಿ 50 ಲಕ್ಷ ರೂಪಾಯಿ ಸಾಲ ಮನ್ನಾ ಆಗಿ ದೋಆಬ್ ಹಿಂದಿರುಗಿತು, ಬೇರಾರ್ ಬ್ರಿಟಿಷರ ಬಳಿಯೇ ಉಳಿದುಹೋಯಿತು. ದಿವಾನ ಸಾಲಾರ್ ಜಂಗ್ ಒತ್ತೆಬಿದ್ದ ತಾಲ್ಲೂಕುಗಳನ್ನು ಬಿಡಿಸಿಕೊಂಡು, ಸಂಬಳದ ಅಧಿಕಾರಿಗಳನ್ನು ನೇಮಿಸಿ, 1865ರಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸುವ ಜಿಲ್ಲಾಬಂದಿ ಜಾರಿಗೆ ತಂದರು. ಕೋಟೆ ಗೆದ್ದವರಿಗಿಂತ ಇದನ್ನು ಮಾಡಿದವರು ದೊಡ್ಡವರೆಂದು ನಾನು ನಂಬಿದ್ದೇನೆ.

ಇಂದು ಸೈನ್ಯ ನಮ್ಮದು, ಹಣವೂ ನಮ್ಮದು, ಹುಕುಂ ನಾವು ಆರಿಸಿದ ಸರ್ಕಾರದ್ದು. ಆದರೂ ಸೈನ್ಯದ ಖರ್ಚಿನ ಪ್ರಶ್ನೆ ಮುಗಿದಿಲ್ಲ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಯೇ 1.6 ಲಕ್ಷ ಕೋಟಿ. ಸಂಬಳ, ಪಿಂಚಣಿಗಳನ್ನು ಯಾವ ಸರ್ಕಾರವೂ ಸುಲಭವಾಗಿ ಇಳಿಸಲಾರದು. ಶಸ್ತ್ರಾಸ್ತ್ರ ಕಾರ್ಖಾನೆ ಯಾವ ಊರಿಗೆ, ಖರೀದಿ ಯಾರಿಂದ ಎಂಬ ಪ್ರಶ್ನೆಗಳು ಚುನಾವಣೆಯ ಮಾತಾಗುತ್ತವೆ. ರಕ್ಷಣಾ ಸಚಿವಾಲಯದ ಅನುದಾನದ ಬೇಡಿಕೆಗೆ ಒಪ್ಪಿಗೆ ಕೊಡಬೇಕಾದದ್ದು ಲೋಕಸಭೆ. ಎಷ್ಟೋ ವರ್ಷ ಅದು ಚರ್ಚೆಯಿಲ್ಲದೆ, ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ‘ಗಿಲೋಟಿನ್‌’ನಲ್ಲೇ ಮಂಜೂರಾಗಿದೆ.

ಸಿಂಧನೂರು, ಮಸ್ಕಿಯವರಿಗೆ ಕೊಪ್ಪಳದ ಸಂಸದರು, ಲಿಂಗಸುಗೂರಿನವರಿಗೆ ರಾಯಚೂರಿನವರು. ಮುಂದಿನ ಬಜೆಟ್ ಅಧಿವೇಶನಕ್ಕೆ ಅವರು ಹೊರಡುವ ಮುನ್ನ, ರಕ್ಷಣಾ ಬೇಡಿಕೆಯ ಚರ್ಚೆಯಲ್ಲಿ ನೀವು ಮಾತಾಡುತ್ತೀರಾ ಎಂದು ಕೇಳಿ.