ಕೊಡುವ ಕೈಯ ವಿನಯ: ಭಾರತ–ಭೂತಾನ ಬಾಂಧವ್ಯ

ರಾಜನೀತಿಯನ್ನು ಕುರಿತು ಬರೆದ ಪ್ರಾಚೀನರು ನೆರೆರಾಜ್ಯವನ್ನು ಸಂಶಯದ ದೃಷ್ಟಿಯಿಂದಲೇ ಕಂಡಿದ್ದಾರೆ. ಕೌಟಿಲ್ಯನ ಮಂಡಲ ಸಿದ್ಧಾಂತದಂತೆ ಗಡಿಗೆ ಹೊಂದಿಕೊಂಡ ಅರಸನು ಸಹಜಶತ್ರು. ಬಲ್ಲಿದನ ಬಳಿ ಬಾಳುವ ಅಶಕ್ತನಿಗೆ ಶರಣಾಗತಿ ಇಲ್ಲವೆ ವೈರ, ಇವೆರಡನ್ನು ಬಿಟ್ಟು ಮೂರನೆಯ ದಾರಿಯಿಲ್ಲವೆಂಬ ಭಾವನೆ ಲೋಕದಲ್ಲಿ ಇಂದಿಗೂ ಬೇರೂರಿದೆ. ಈ ಮಾತಿಗೆ ಅಪವಾದವಾಗಿ ನಿಲ್ಲುವ ನಿದರ್ಶನಗಳಲ್ಲಿ ಭಾರತ ಮತ್ತು ಭೂತಾನಗಳ ಸಂಬಂಧವು ಗಮನಾರ್ಹವಾದುದು.

ಹಿಮಾಲಯದ ಮಡಿಲಲ್ಲಿರುವ ಭೂತಾನದ ವಿಸ್ತೀರ್ಣ ಸುಮಾರು 38 ಸಾವಿರ ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಐದನೆಯ ಒಂದು ಪಾಲು. 2017ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 7 ಲಕ್ಷ 27 ಸಾವಿರ. ಉತ್ತರಕ್ಕೆ ಚೀನದ ಆಡಳಿತದಲ್ಲಿರುವ ಟಿಬೆಟ್ಟು, ಉಳಿದ ಮೂರು ದಿಕ್ಕಿಗೂ ಭಾರತ. ಕಡಲ ತೀರವಿಲ್ಲದ ಈ ನಾಡಿಗೆ ದಕ್ಷಿಣದ ಬಾಗಿಲೇ ಹೆಬ್ಬಾಗಿಲು.

ಬ್ರಿಟಿಷರ ಕಾಲದಲ್ಲಿ ಈ ಸಂಬಂಧವು ಯುದ್ಧದಿಂದ ಹುಟ್ಟಿತು. 1865ರ ಸಿಂಚುಲಾ ಒಪ್ಪಂದದಿಂದ ಭೂತಾನವು ತಪ್ಪಲಿನ ಫಲವತ್ತಾದ ದ್ವಾರ ಪ್ರದೇಶಗಳನ್ನು ಕಳೆದುಕೊಂಡು, ಅದಕ್ಕೆ ಬದಲಾಗಿ ವರ್ಷಕ್ಕೆ 50 ಸಾವಿರ ರೂಪಾಯಿ ಪಡೆಯಿತು. 1910ರ ಪುನಾಖಾ ಒಪ್ಪಂದವು ಆ ಮೊತ್ತವನ್ನು ಒಂದು ಲಕ್ಷಕ್ಕೆ ಏರಿಸಿತು. ಸ್ವತಂತ್ರ ಭಾರತವು 1949ರ ಆಗಸ್ಟ್ 8ರಂದು ದಾರ್ಜಿಲಿಂಗಿನಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಅದನ್ನು ಐದು ಲಕ್ಷಕ್ಕೆ ಹೆಚ್ಚಿಸಿ, ದೇವನಗಿರಿ ಪ್ರದೇಶದ 32 ಚದರ ಮೈಲಿ ನೆಲವನ್ನು ಮರಳಿಸಿತು. ಆದರೆ ವಿದೇಶ ವ್ಯವಹಾರದಲ್ಲಿ ಭೂತಾನವು ಭಾರತದ ಸಲಹೆಯಂತೆ ನಡೆಯತಕ್ಕದ್ದೆಂಬ ಮಾತೂ ಅದರ ಎರಡನೆಯ ವಿಧಿಯಲ್ಲಿ ಉಳಿಯಿತು.

1958ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರು ಭೂತಾನಕ್ಕೆ ಹೊರಟಾಗ ಅಲ್ಲಿಗೆ ಮೋಟಾರು ರಸ್ತೆಯೇ ಇರಲಿಲ್ಲ. ಸಿಕ್ಕಿಮಿನಿಂದ ನಾಥೂ ಲಾ ಕಣಿವೆಯನ್ನು ದಾಟಿ, ಟಿಬೆಟ್ಟಿನ ಚುಂಬಿ ಪ್ರದೇಶದ ಮೂಲಕ ಅವರು ಪಾರೋ ನಗರವನ್ನು ತಲುಪಿದರು. ಮಗಳು ಇಂದಿರಾ ಅವರೂ ಜೊತೆಗಿದ್ದರು. ಭೂತಾನವು ಸ್ವತಂತ್ರವಾಗಿಯೇ ಇರಬೇಕು, ತನ್ನ ಬಾಳಿನ ರೀತಿಯನ್ನು ತಾನೇ ಆರಿಸಿಕೊಳ್ಳಬೇಕು ಎಂಬುದೇ ಭಾರತದ ಬಯಕೆಯೆಂದು ಅವರು ಅಲ್ಲಿ ಸಾರಿದರು. ಸಣ್ಣ ನಾಡಿನ ಮನಸ್ಸಿನಲ್ಲಿದ್ದ ಅಂಜಿಕೆಯನ್ನು ಅರಿತು ಆಡಿದ ಮಾತದು.

ದೊರೆ ಜಿಗ್ಮೆ ದೋರ್ಜಿ ವಾಂಗ್‌ಚುಕ್ ಅವರ ಕಾಲದಲ್ಲಿ, 1961ರಲ್ಲಿ, ಭೂತಾನದ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಮೊದಲೆರಡು ಯೋಜನೆಗಳ ವೆಚ್ಚವನ್ನು ಭಾರತವೇ ವಹಿಸಿತು. ಅದೇ ವರ್ಷ ಭಾರತದ ಗಡಿರಸ್ತೆ ಸಂಸ್ಥೆಯ ‘ದಂತಕ್’ ಯೋಜನೆಯು ಬೆಟ್ಟಗಳನ್ನು ಕಡಿದು ಹಾದಿ ತೆರೆಯತೊಡಗಿತು. 1971ರಲ್ಲಿ ಭಾರತದ ಬೆಂಬಲದಿಂದ ಭೂತಾನವು ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. 1972ರ ವಾಣಿಜ್ಯ ಒಪ್ಪಂದವು ಎರಡು ದೇಶಗಳ ನಡುವೆ ಸುಂಕವಿಲ್ಲದ ವ್ಯಾಪಾರಕ್ಕೆ ಅವಕಾಶವಿತ್ತಿತು. 1974ರಲ್ಲಿ ಬಳಕೆಗೆ ಬಂದ ‘ಙುಲ್ಟ್ರಂ’ ನಾಣ್ಯವು ಭಾರತದ ರೂಪಾಯಿಗೆ ಸರಿಸಮಾನ ಬೆಲೆಯುಳ್ಳದ್ದು.

ಈ ವ್ಯವಹಾರದ ಹೃದಯವೆಂದರೆ ಜಲವಿದ್ಯುತ್ತು. ಭೂತಾನದಲ್ಲಿ ಧುಮುಕುವ ನದಿಗಳಿವೆ, ಬಂಡವಾಳವಿಲ್ಲ. ಭಾರತಕ್ಕೆ ವಿದ್ಯುತ್ತು ಬೇಕು. ವಾಂಗ್‌ಚು ನದಿಯ 336 ಮೆಗಾವಾಟ್ ಸಾಮರ್ಥ್ಯದ ಚೂಖಾ ಯೋಜನೆಯು 1986ರಿಂದ 1988ರ ಅವಧಿಯಲ್ಲಿ ಕಾರ್ಯಾರಂಭ ಮಾಡಿತು. ಅದರ ವೆಚ್ಚದಲ್ಲಿ ನೂರಕ್ಕೆ 60 ಪಾಲು ಅನುದಾನ, 40 ಪಾಲು ಸಾಲ. 1020 ಮೆಗಾವಾಟಿನ ತಾಲಾ ಯೋಜನೆಯೂ ಇದೇ ಕ್ರಮದಲ್ಲಿ ನಡೆಯಿತು. ಸ್ವಂತ ಬಳಕೆಗೆ ಮಿಕ್ಕ ವಿದ್ಯುತ್ತನ್ನು ಭಾರತಕ್ಕೆ ಮಾರಿ ಬಂದ ಹಣವು ಭೂತಾನದ ಶಾಲೆ, ಆಸ್ಪತ್ರೆಗಳಿಗೆ ಆಧಾರವಾಯಿತು. ಯಾಚಕನಾಗಿದ್ದವನು ಮಾರಾಟಗಾರನಾದ ಪರಿವರ್ತನೆಯಿದು.

ಆದರೆ ಇಲ್ಲಿಯೂ ಕ್ಲೇಶಗಳಿಲ್ಲದಿಲ್ಲ. 2019ರಲ್ಲಿ ಮುಗಿದ 720 ಮೆಗಾವಾಟಿನ ಮಾಂಗ್‌ದೇಚು ಯೋಜನೆಯಲ್ಲಿ ಸಾಲದ ಪಾಲು ನೂರಕ್ಕೆ 70ಕ್ಕೆ ಏರಿತ್ತು. ಪುನಾಚಂಗ್‌ಚು ಮೊದಲನೆಯ ಯೋಜನೆಯ ಅಣೆಕಟ್ಟು, ಬೆಟ್ಟದ ಮಗ್ಗುಲು ಕುಸಿದ ಕಾರಣ, ವರ್ಷಗಟ್ಟಲೆ ತಡವಾಯಿತು. ಚಳಿಗಾಲದಲ್ಲಿ ನದಿಗಳು ಸೊರಗಿದಾಗ ಭೂತಾನವೇ ಭಾರತದಿಂದ ವಿದ್ಯುತ್ತನ್ನು ಕೊಳ್ಳಬೇಕಾಗುತ್ತದೆ. ಇದಕ್ಕಿಂತ ಮನಸ್ಸಿಗೆ ನಾಟಿದ ಪ್ರಸಂಗವು 2013ರ ಜುಲೈ ತಿಂಗಳಿನದು. ಭೂತಾನದ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಸರಿಯಾಗಿ ಅಡುಗೆ ಅನಿಲ ಮತ್ತು ಸೀಮೆಎಣ್ಣೆಗಳಿಗೆ ಭಾರತ ನೀಡುತ್ತಿದ್ದ ಸಹಾಯಧನವು ನಿಂತುಹೋಯಿತು. ಕೆಲವೇ ವಾರಗಳಲ್ಲಿ ಅದು ಪುನಃ ದೊರೆಯಿತಾದರೂ, ತಮ್ಮ ಒಲೆಯ ಉರಿಯು ಪರರ ಕೈಯಲ್ಲಿದೆಯೆಂಬ ಅರಿವು ಅಲ್ಲಿಯ ಗೃಹಿಣಿಯರಿಗೆ ಆ ತಿಂಗಳು ಉಂಟಾಯಿತು. ಕೊಡುವುದನ್ನು ತಡೆದಾಗ ಹಿಂದೆ ಕೊಟ್ಟುದೂ ಋಣವಾಗಿ ಕಾಣುತ್ತದೆ.

ಸ್ನೇಹದ ಪಕ್ವತೆಗೆ ಸಾಕ್ಷಿಯಾದುದು 2007ರ ಹೊಸ ಒಪ್ಪಂದ. ಸಲಹೆಯಂತೆ ನಡೆಯುವ ಹಳೆಯ ವಿಧಿಯನ್ನು ಕೈಬಿಟ್ಟು, ಪರಸ್ಪರ ರಾಷ್ಟ್ರಹಿತದ ವಿಷಯಗಳಲ್ಲಿ ನಿಕಟವಾಗಿ ಸಹಕರಿಸುವ, ತನ್ನ ನೆಲವನ್ನು ಇನ್ನೊಬ್ಬರ ಹಾನಿಗೆ ಬಳಸಲು ಬಿಡದಿರುವ ಮಾತನ್ನು ಉಭಯ ದೇಶಗಳೂ ಕೊಟ್ಟುಕೊಂಡವು. ಈ ಬಗೆಯ ಮಾತನ್ನು ಭೂತಾನವು ಅದಕ್ಕೆ ಮೊದಲೇ, 2003ರ ಡಿಸೆಂಬರಿನಲ್ಲಿ, ತನ್ನ ಕಾಡಿನಲ್ಲಿ ಅಡಗಿದ್ದ ಅಸ್ಸಾಮಿನ ಬಂಡುಕೋರರನ್ನು ಹೊರದೂಡಿ ಕೃತಿಯಲ್ಲಿ ತೋರಿಸಿತ್ತು. ಅಂತೆಯೇ ನಾಲ್ಕು ದೇಶಗಳ ವಾಹನ ಸಂಚಾರ ಒಪ್ಪಂದವನ್ನು 2016ರಲ್ಲಿ ಭೂತಾನದ ಮೇಲ್ಮನೆಯು ನಿರಾಕರಿಸಿದಾಗ ಸ್ನೇಹ ಕೆಡಲಿಲ್ಲ. ಪರಿಸರಕ್ಕೆ ಧಕ್ಕೆ ಬರುವುದೆಂಬ ಆತಂಕವನ್ನು ಮನ್ನಿಸಿ ಉಳಿದ ಮೂವರು ಮುಂದೆ ಸಾಗಿದರು. ಒಲ್ಲೆನೆನ್ನುವ ಸ್ವಾತಂತ್ರ್ಯವಿರುವಲ್ಲಿ ಮಾತ್ರ ಒಪ್ಪಿಗೆಗೆ ಬೆಲೆ.

ಒಪ್ಪಂದಗಳಿಗಿಂತ ಹಳೆಯದು ವಿದ್ಯೆಯ ನಂಟು. ಎಂಟನೆಯ ಶತಮಾನದಲ್ಲಿ ಭಾರತದಿಂದ ಹೋದ ಗುರು ಪದ್ಮಸಂಭವನನ್ನು ಭೂತಾನದ ಜನರು ಎರಡನೆಯ ಬುದ್ಧನೆಂದು ಪೂಜಿಸುತ್ತಾರೆ. ಆಧುನಿಕ ಶಾಲೆಗಳು ಹುಟ್ಟಿದಾಗ ಕೇರಳ ಮೊದಲಾದ ಕಡೆಗಳಿಂದ ಹೋದ ಅಧ್ಯಾಪಕರು ದೂರದ ಬೆಟ್ಟದ ಊರುಗಳಲ್ಲಿ ನೆಲಸಿ ಅಕ್ಷರ ಕಲಿಸಿದರು. ಕಾಂಗ್ಲುಂಗಿನ ಶೆರುಬ್‌ತ್ಸೆ ಕಾಲೇಜು 1983ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಅಂಗಸಂಸ್ಥೆಯಾಗಿ, 2003ರಲ್ಲಿ ಭೂತಾನವು ತನ್ನದೇ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ಅದರ ಆಶ್ರಯಕ್ಕೆ ಬಂದಿತು. ಶಿಷ್ಯನು ಸ್ವತಂತ್ರನಾಗುವುದೇ ಗುರುವಿಗೆ ಸಲ್ಲುವ ದಕ್ಷಿಣೆಯಲ್ಲವೆ? ನಮ್ಮ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದಲ್ಲಿಯೂ ಭೂತಾನದ ಭಿಕ್ಷುಗಳು ಅಧ್ಯಯನ ನಡೆಸುತ್ತಿರುವುದು ಕನ್ನಡನಾಡಿಗೆ ಸಂದ ಗೌರವ.

ಶರಣರು ಬೋಧಿಸಿದ ದಾಸೋಹದಲ್ಲಿ ನೀಡುವವನು ಒಡೆಯನಲ್ಲ, ದಾಸ. ಉಣ್ಣುವವನ ಮಾನ ಕುಗ್ಗದಂತೆ ಬಡಿಸುವುದೇ ಅಲ್ಲಿಯ ಧರ್ಮ. ಮನೆಗೆ, ಮಠಕ್ಕೆ, ಶಾಲೆಗೆ ಒಪ್ಪುವ ಈ ನೀತಿಯು ರಾಷ್ಟ್ರಗಳಿಗೂ ಒಪ್ಪುತ್ತದೆ. ಹಿರಿಯ ದೇಶವೊಂದರ ಹಿರಿಮೆಯನ್ನು ಅದು ಕೊಟ್ಟ ಹಣದಿಂದ ಅಳೆಯಲಾಗದು. ಪಡೆದವನು ತಲೆಯೆತ್ತಿ ನಿಂತಿರುವನೇ ಎಂಬುದರಿಂದ ಅಳೆಯಬೇಕು. ಭಾರತವು ಈ ಅಳತೆಯನ್ನು ಮರೆಯದಿರುವವರೆಗೆ ಹಿಮಾಲಯದ ಆ ಬಾಗಿಲು ಸ್ನೇಹಕ್ಕೆ ತೆರೆದೇ ಇರುತ್ತದೆ.